ಶುಕ್ರವಾರದಿಂದ ಸೋಮವಾರದವರೆಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಒಂದು ಸಾಲು ಮಾತ್ರ ಬಿಟ್ಟು ಓದಿದೆ. 'ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಒಂದು ಮಾತೂ ಆಡಿಲ್ಲ ಮಾವ, ಸೋಮವಾರ ಆಫೀಸಿನಲ್ಲಿ ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ' ಅಂತ ಬರೆದಿದ್ದೀಯಲ್ಲ, ಆ ಸಾಲು. ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಆಮೇಲೆ ನಿದ್ದೆ ಹತ್ತಲಿಲ್ಲ.

ಈಗ ನೀನಿರುವ ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಆಗ ನಾನು ಯಾಕೆ ಹೋದೆ, ಎಷ್ಟು ದಿನ ಇದ್ದೆ, ಅದೆಲ್ಲ ನಿನಗೆ ಗೊತ್ತೇ ಇದೆ. ಹೊರಟ ದಿನವೇ ಬಂದರಿನಲ್ಲಿ ಮುಳುಗಿ 333 ವರ್ಷ ಕೆಸರಿನಲ್ಲಿದ್ದ ವಾಸಾ ಹಡಗಿನ ಕಥೆಯಂತೂ ಚಿಕ್ಕಂದಿನಲ್ಲೇ ನಿನಗೆ ಬಾಯಿಪಾಠ. ಯಾರಿಗೂ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅದನ್ನು ಹೇಳುತ್ತೇನೆ.

1985ರ ಅಕ್ಟೋಬರಿನಲ್ಲಿ ಊಡೆನ್‌ಪ್ಲಾನ್ ಹತ್ತಿರ ಮೂರನೇ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತ್ತು. ಡಿಸೆಂಬರ್ ಹೊತ್ತಿಗೆ ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುವುದನ್ನು ಈಗ ನೀನೇ ನೋಡುತ್ತಿದ್ದೀಯ. ಶನಿವಾರ ವಾಸ್ತುಶಿಲ್ಪಿ ಆಸ್ಪ್ಲುಂಡ್ ಕಟ್ಟಿದ ದೊಡ್ಡ ಲೈಬ್ರರಿಗೆ ಹೋಗುತ್ತಿದ್ದೆ. 1928ರ ಕಟ್ಟಡ. ನಡುವೆ ದುಂಡನೆಯ ಹಾಲ್, ಸುತ್ತಲೂ ಮೂರು ಅಂತಸ್ತು ಪುಸ್ತಕ. ಒಳಗೆ ಬೆಚ್ಚಗಿರುತ್ತಿತ್ತು. ಲೈಬ್ರರಿಯಲ್ಲಿ ಯಾರೂ ಮಾತಾಡುವ ಹಾಗಿಲ್ಲ ಅಲ್ವಾ, ನಾನು ಮಾತಿಲ್ಲದೆ ಇದ್ದೇನೆ ಅನ್ನುವುದು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ. ನೀನು ಹೇಳಿದ ಸ್ವರದ ವಿಷಯ ಹೀಗೇ ಶುರುವಾಗುತ್ತದೆ ಪುಟ್ಟಿ, ಅದಕ್ಕೇ ನನಗೆ ಭಯ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಗೋಡೆಯ ಹಲಗೆಯ ಮೇಲೆ ನಮ್ಮ ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕಿತ್ತು. ನನಗಿಂತ ಮುಂಚಿನ ಹೊತ್ತು ಎದುರು ಮನೆಯ ಅಜ್ಜಿಯದು. ಒಂದು ದಿನ ನಾನು ಬಕೆಟ್ ಹಿಡಿದು ಇಳಿದಾಗ ಆಕೆ ಒಣಗಿದ ಹೊದಿಕೆಯ ಎರಡು ತುದಿ ನನ್ನ ಕೈಗೆ ಕೊಟ್ಟರು. ಇನ್ನೆರಡು ತುದಿ ಅವರ ಕೈಯಲ್ಲಿ. ಎಳೆದು ಜಗ್ಗಿ, ಮಡಚಿ, ಎದುರು ಬದುರು ನಡೆದು ಬಂದು ತುದಿಗೆ ತುದಿ ಸೇರಿಸಿದೆವು. ಅವರ ಬೆರಳು ಬಿಸಿಯಾಗಿತ್ತು. ನಾಲ್ಕು ಹೊದಿಕೆ ಹೀಗೆ ಆಯಿತು. ಆಮೇಲೆ ಮೇಲಕ್ಕೆ ಕೈ ತೋರಿಸಿ 'ಕಾಫಿ?' ಅಂದರು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಹೋಗಿ ಏನು ಮಾತಾಡಲಿ ಅನ್ನುವ ಸಂಕೋಚ. ಮತ್ತೆ ಎರಡು ಸಲ ಕರೆದರು. ಎರಡು ಸಲವೂ ಬೇಡ ಅಂದೆ.

1986ರ ಫೆಬ್ರುವರಿ 28, ಶುಕ್ರವಾರ ರಾತ್ರಿ. ಅಲ್ಲಿನ ಪ್ರಧಾನಿ ಓಲೋಫ್ ಪಾಲ್ಮೆ ಹೆಂಡತಿಯ ಜೊತೆ ಸಿನಿಮಾ ನೋಡಿ, ಕಾವಲಿನವರಿಲ್ಲದೆ ನಡೆದು ಹೋಗುತ್ತಿದ್ದಾಗ ಯಾರೋ ಅವರನ್ನು ಗುಂಡಿಟ್ಟು ಕೊಂದರು. ನಮ್ಮ ಲೈಬ್ರರಿ ಇದ್ದ ಸ್ವೆಯಾವೇಗೆನ್ ರಸ್ತೆಯಲ್ಲೇ. ಮರುದಿನದಿಂದ ಆ ಮೂಲೆಯಲ್ಲಿ ಕೆಂಪು ಗುಲಾಬಿಯ ರಾಶಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮುಖ ನೋಡದ ಜನ ಅಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು. ಆ ಅಜ್ಜಿಯೂ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದು ಏನೋ ಹೇಳಿದರು. ಸಮಾಧಾನಕ್ಕೆ ಒಂದು ಮಾತು ಆಡೋಣ ಅಂತ ನಾನು ಬಾಯಿ ತೆರೆದೆ.

ಸ್ವರ ಬರಲಿಲ್ಲ ಪುಟ್ಟಿ. ಎರಡು ದಿನದಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ. ಗಂಟಲಲ್ಲಿ ಗರಗರ ಅಂದದ್ದು ಅಷ್ಟೇ. ಅವರು ನನ್ನ ಕೈಗವಸಿನ ಮೇಲೆ ಮೆಲ್ಲಗೆ ತಟ್ಟಿ ಹೋದರು. ಮಾರ್ಚ್ ಕೊನೆಗೆ ನಾನು ಅವರಿಗೆ ಹೇಳದೆ ಊರಿಗೆ ಬಂದುಬಿಟ್ಟೆ. ಬಾಗಿಲ ಮೇಲೆ ಅವರ ಹೆಸರಿತ್ತು. ಆರು ತಿಂಗಳು ಅದರ ಮುಂದೆಯೇ ಓಡಾಡಿದೆ, ಒಂದು ದಿನವೂ ನಿಂತು ಓದಲಿಲ್ಲ. ನಿನ್ನ ಅಜ್ಜಿಗೆ ಪ್ರತಿ ಪತ್ರದಲ್ಲೂ 'ನಾನು ಕ್ಷೇಮ' ಅಂತ ಬರೆದೆ. ಅವರು ಹೋಗುವವರೆಗೂ ನಿಜ ಹೇಳಲಿಲ್ಲ. ನೀನು ಹೇಳಿದೆಯಲ್ಲ, ಅಷ್ಟರಮಟ್ಟಿಗೆ ನನಗಿಂತ ಧೈರ್ಯ ನಿನಗೆ ಜಾಸ್ತಿ.

ಊರು ಕೆಟ್ಟದ್ದಲ್ಲ ಕಣೇ. 14 ದ್ವೀಪಗಳ ಮೇಲೆ ಕೂತಿರುವ ಊರು, ಎಲ್ಲಿ ತಿರುಗಿದರೂ ನೀರು. ಮೇಲಾರೆನ್ ಸರೋವರ ಸಮುದ್ರಕ್ಕೆ ಇಳಿಯುವ ಕಡೆ, ಅರಮನೆಯ ಎದುರಿಗೇ ಗಾಳ ಹಾಕಿಕೊಂಡು ಜನ ನಿಂತಿರುತ್ತಾರೆ. ಅಲ್ಲಿ ಸುಮ್ನೆ ಪಕ್ಕದಲ್ಲಿ ಹೋಗಿ ನಿಲ್ಲು. ಮೀನು ಸಿಕ್ಕಿದರೆ ಎಂಥವರೂ ನಿನ್ನ ಕಡೆ ತಿರುಗಿ ತೋರಿಸುತ್ತಾರೆ. ಶೀಸ್ತಾಗೆ ಹೋಗುವ ಮೆಟ್ರೋದ ನೀಲಿ ಲೈನಿನಲ್ಲಿ, ಟೀ-ಸೆಂಟ್ರಾಲೆನ್ ನಿಲ್ದಾಣದ ಬಂಡೆ ಗೋಡೆಯ ಮೇಲೆ ನೀಲಿ ಎಲೆ ಬಳ್ಳಿಗಳಿವೆ ನೋಡು. ಅಲ್ಲೇ ಕೆಲಸಗಾರರ ನೆರಳಿನಂಥ ಚಿತ್ರಗಳೂ ಇವೆ. ಆ ನಿಲ್ದಾಣ ಕಟ್ಟಿದವರನ್ನೇ 1975ರಲ್ಲಿ ಬರೆದದ್ದು. ನಾನು ಅವರನ್ನು ಎಣಿಸುತ್ತಾ ನಿಲ್ಲುತ್ತಿದ್ದೆ. ಎಣಿಸುವಾಗಲಾದರೂ ಬಾಯಿ ಬಿಟ್ಟು ಎಣಿಸಬೇಕಿತ್ತು ಅಂತ ಈಗ ಅನಿಸುತ್ತದೆ.

ಬುದ್ಧಿ ಹೇಳಲು ನನಗೇನು ಹಕ್ಕು, ಆದರೂ ಹೇಳುತ್ತೇನೆ. ಅನ್ನಕ್ಕೆ ಇಟ್ಟಾಗ ಏನಾದರೂ ಗಟ್ಟಿಯಾಗಿ ಓದು, ಹಾಡು, ಸ್ವರ ಕಟ್ಟಬಾರದು. ವಲಸೆ ಬಂದವರಿಗೆ ಸ್ವೀಡಿಷ್ ತರಗತಿ ಪುಕ್ಕಟೆ ಇದೆ, ಭಾಷೆ ಬರದಿದ್ದರೂ ಹೋಗು, ಅಲ್ಲಿ ಎಲ್ಲರೂ ತಪ್ಪು ತಪ್ಪಾಗಿ ಮಾತಾಡುವವರೇ. ಡಿಸೆಂಬರ್ 13 ಲೂಸಿಯಾ ಹಬ್ಬ. ಬಿಳಿ ಬಟ್ಟೆ ತೊಟ್ಟು, ತಲೆ ಮೇಲೆ ದೀಪ ಹೊತ್ತ ಹುಡುಗಿಯ ಹಿಂದೆ ಮಕ್ಕಳು ಹಾಡುತ್ತಾ ಬರುತ್ತಾರೆ, ಕೇಸರಿ ಹಾಕಿದ ಬನ್ ಹಂಚುತ್ತಾರೆ. ಆಫೀಸಿನಲ್ಲಿ ಕರೆದರೆ ಬೇಡ ಅನ್ನಬೇಡ. ಕಾಫಿಗೆ ಯಾರು ಕರೆದರೂ ಬೇಡ ಅನ್ನಬೇಡ. ಮನಸ್ಸು ತೀರಾ ಕುಗ್ಗಿದರೆ 1177ಕ್ಕೆ ಫೋನ್ ಮಾಡು, ರಾತ್ರಿಯೂ ನರ್ಸ್ ಸಿಗುತ್ತಾರೆ. ಡಿಸೆಂಬರ್ 21 ಕಳೆದರೆ ಬೆಳಕು ತಿರುಗುತ್ತದೆ. ಜೂನಿನಲ್ಲಿ ರಾತ್ರಿ ಹತ್ತಕ್ಕೂ ಸೂರ್ಯ ಇರುತ್ತಾನಂತೆ. ಅದನ್ನು ನೋಡದೆ ಬಂದವನು ನಾನು.

ಫೋನ್ ಮಾಡಿದರೆ ಅಳು ಬರುತ್ತದೆ ಅಂತ ಮಾಡಲಿಲ್ಲ ಅಂದೆ. ಅಳು ಬಂದರೆ ಅಳು. ಅದೂ ಸ್ವರವೇ. ಶನಿವಾರ ನಮ್ಮ ಸಂಜೆ ಐದರಿಂದ ನಾನು ಫೋನ್ ಹತ್ತಿರವೇ ಕೂತಿರುತ್ತೇನೆ. ಅಷ್ಟರಲ್ಲಿ ನಿನ್ನ ಎದುರು ಮನೆಯ ಬಾಗಿಲ ಮೇಲೆ ಏನು ಹೆಸರಿದೆ, ಓದಿಕೊಂಡಿರು. ನನಗೆ ಹೇಳಬೇಕು.

ನಿನ್ನ,
ಮಾವ