ಶಿಲುಬೆಗೆ ಮುಸುಕು: ಯಾರ ಅಪ್ಪಣೆ?

ಮಾನ್ಯರೇ,

ಆಧುನಿಕ ಕಲಾ ಪ್ರದರ್ಶನದಲ್ಲಿದ್ದ ಶಿಲುಬೆಯ ಚಿತ್ರಕ್ಕೆ ಮುಸುಕು ಹಾಕಿದ ಸುದ್ದಿ ಓದಿದೆ. ದೂರು ಬಂದಿತ್ತು, ಅದಕ್ಕೇ ಮುನ್ನೆಚ್ಚರಿಕೆ ಎಂದು ಅಧಿಕಾರಿಗಳು ನಿಮ್ಮ ವರದಿಗಾರರಿಗೆ ಹೇಳಿದ್ದಾರೆ. ಅಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಮಾತ್ರ ‘ತಾಂತ್ರಿಕ ಕಾರಣ’ ಎಂದಿತ್ತು. ಗೋಡೆಗೆ ನೇತುಹಾಕಿದ ಚಿತ್ರಕ್ಕೆ ಅದೆಂಥ ತಾಂತ್ರಿಕ ಕಾರಣವೋ!

ಅದೊಂದು ಚಿತ್ರ ನೋಡಲೆಂದೇ ನಾನು ರಜೆ ಹಾಕಿ ಹೋಗಿದ್ದೆ. ಬಿಸಿಲಲ್ಲಿ ಸರದಿ. ಬ್ಯಾಗು ಹೊರಗಿಡಿ ಎಂದರು. ಎಲ್ಲಿಡಲಿ ಎಂದರೆ ಗೊತ್ತಿಲ್ಲ ಎಂದರು. ಟಿಕೆಟ್ ಹರಿದುಕೊಟ್ಟು ಒಳಗೆ ಬಿಟ್ಟ ಮೇಲೆ ಕಂಡಿದ್ದು ಶಾಯಿ ಚೆಲ್ಲಿದ ಒಂದು ಹಳೇ ಮೇಜಿನ ಹಾಸು. ಅದೂ ಗಿಡ್ಡ. ಕೆಳಗೆ ಕ್ರಿಸ್ತನ ಪಾದ, ಪಾದಕ್ಕೆ ಹೊಡೆದ ಮೊಳೆ ಎರಡೂ ಕಾಣುತ್ತಿದ್ದವು. ಮೊಳೆಯಿಂದ ಯಾರಿಗೂ ನೋವಾಗಿಲ್ಲ ಅಂತ ಕಾಣುತ್ತೆ.

ಮುಖ ವಿಕಾರವಾಗಿದೆ ಅನ್ನೋದು ತಕರಾರು. ಶಿಲುಬೆಗೇರಿಸಿದವನ ಮುಖ ಇನ್ನು ಹೇಗಿರಬೇಕಿತ್ತು? ಫ್ರಾನ್ಸಿನ ಚಿತ್ರಕಾರ ಜಾರ್ಜ್ ರುವೊ ಕಟ್ಟಾ ಕ್ಯಾಥೊಲಿಕ್. ಆತ ದಪ್ಪ ಕಪ್ಪು ಗೆರೆಗಳಲ್ಲಿ ಬರೆದ ಕ್ರಿಸ್ತನ ಮುಖಗಳನ್ನು ಇವರು ನೋಡಿದ್ದಾರಾ? ಫ್ರಾನ್ಸಿನ ಆಸಿ ಚರ್ಚಿಗೆ ಆಧುನಿಕ ಕಲಾವಿದರನ್ನು ಕರೆದು ಕೆಲಸ ಕೊಟ್ಟವರು ಪಾದ್ರಿಗಳೇ. ಯಹೂದಿ ಶಾಗಾಲ್, ಕಮ್ಯುನಿಸ್ಟ್ ಲೆಜೆ ಕೂಡ ಆ ಕಲಾವಿದರಲ್ಲಿದ್ದರು. ಅಲ್ಲಿ ಶಿಲ್ಪಿ ಜರ್ಮೇನ್ ರಿಶಿಯೆ ಮಾಡಿದ ಕ್ರಿಸ್ತನ ಶಿಲ್ಪದ ಮೇಲೂ ಇಂಥದೇ ಗಲಾಟೆಯಾಗಿ, 1951ರಲ್ಲಿ ಬಿಷಪ್ಪರು ತೆಗೆಸಿದರು. ಎಷ್ಟೋ ವರ್ಷದ ಮೇಲೆ ಅದನ್ನೇ ವಾಪಸ್ ತಂದಿಟ್ಟರು. 1973ರಲ್ಲಿ ಪೋಪ್ ಆರನೇ ಪೌಲ್ ವ್ಯಾಟಿಕನ್ನಿನ ಒಳಗೇ ಆಧುನಿಕ ಧಾರ್ಮಿಕ ಕಲೆಯ ಸಂಗ್ರಹ ತೆರೆದರು. ಪೋಪರಿಗಿಲ್ಲದ ಚಿಂತೆ ಮುಸುಕು ಹಾಕಿಸಿದ ನಮ್ಮ ಸಾಹೇಬರಿಗೆ! ಸರದಿಯಲ್ಲಿ ನನ್ನ ಹಿಂದೆ ಒಬ್ಬ ಪಾದ್ರಿಗಳೂ ನಿಂತಿದ್ದರು. ‘ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ವಾ’ ಎಂದರು.

ಕೆಲವು ಕಲಾವಿದರು ಸುಮ್ನೆ ಕೆಣಕೋಕೆ ಚಿತ್ರ ಬರೆಯುತ್ತಾರೆ, ಒಪ್ಪುತ್ತೇನೆ. ಅದನ್ನೂ ನೋಡಿದ ಮೇಲೆ ತಾನೇ ಬೈಯೋಕಾಗೋದು?

ಇದೇ ಸಾಹೇಬರ ಕಾಲದಲ್ಲೇ ಇಲ್ಲಿನ ಸೂರು ಸೋರಿ ಜಲವರ್ಣದ ಚಿತ್ರಗಳು ಹಾಳಾಗಿದ್ದು. ಆಗ ಹೊದಿಸಲು ಒಂದು ಬಟ್ಟೆ ಸಿಕ್ಕಿರಲಿಲ್ಲ. ಕಲಾ ಪುಸ್ತಕಗಳ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯೋ ಇವತ್ತಿಗೂ ಪತ್ತೆಯಿಲ್ಲ. ಮನವಿ ಕೊಟ್ಟರೆ ಸ್ವೀಕೃತಿ ಮುದ್ರೆ ಮಾತ್ರ ಚೆನ್ನಾಗಿ ಒತ್ತುತ್ತಾರೆ.

ಕೂಡಲೇ ಮುಸುಕು ತೆಗೆಸಲಿ. ಇಲ್ಲವೇ ಟಿಕೆಟ್ ದುಡ್ಡು ವಾಪಸ್ ಕೊಡಲಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಆಗದಿದ್ದರೆ ಮನೆಗೆ ಹೋಗಿ ಮಲಗಲಿ.

– ಒಬ್ಬ ಓದುಗ