ರೈಡ್ ಮುಗಿದ ಮೇಲಿನ ರಾತ್ರಿಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ದೂರದ ಸೈಕಲ್ ಸವಾರಿ ಬಗ್ಗೆ ಈಗ ಪತ್ರಿಕೆಗಳಲ್ಲಿ ಒಳ್ಳೆಯ ಬರಹಗಳು ಬರುತ್ತಿವೆ, ಓದಿ ಖುಷಿಯಾಗುತ್ತದೆ. ಯಾವ ಸೈಕಲ್, ಎಂಥ ಗೇರ್, ಎಷ್ಟು ದೂರ, ಎಷ್ಟು ಏರು ಎಲ್ಲ ಇರುತ್ತದೆ. ಸೈಕಲ್ ಇಳಿದ ಮೇಲೆ ಬರುವ ರಾತ್ರಿಯ ಬಗ್ಗೆ ಮಾತ್ರ ಏನೂ ಇರುವುದಿಲ್ಲ. ‘ಚೆನ್ನಾಗಿ ನಿದ್ದೆ ಮಾಡಿ’ ಅಂತ ಕೊನೆಗೊಂದು ಸಾಲು ಸೇರಿಸಿ ಮುಗಿಸಿಬಿಡುತ್ತಾರೆ. ಕಷ್ಟ ಇರುವುದೇ ಅಲ್ಲಿ. 150–200 ಕಿ.ಮೀ. ಜೋರಾಗಿ ತುಳಿದು ಬಂದವರಲ್ಲಿ ಎಷ್ಟೋ ಜನರಿಗೆ ಆ ರಾತ್ರಿ ನಿದ್ದೆಯೇ ಸರಿಯಾಗಿ ಹತ್ತುವುದಿಲ್ಲ.

ಹೊಸಬರು ಇದಕ್ಕೆ ತುಂಬಾ ಹೆದರುತ್ತಾರೆ. ಮೈಯೆಲ್ಲ ಸೋತುಹೋಗಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ, ಆದರೂ ದಿಂಬಿಗೆ ಕಿವಿ ಒತ್ತಿ ಮಲಗಿದರೆ ಎದೆ ಬಡಿಯುವುದು ಡಬ್ ಡಬ್ ಅಂತ ಕೇಳಿಸುತ್ತದೆ. ಮೀನಖಂಡ ತನ್ನಷ್ಟಕ್ಕೆ ಮಿಡಿಯುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬನಿಯನ್ ಬೆವರಿಗೆ ಬೆನ್ನಿಗಂಟಿಕೊಂಡಿರುತ್ತದೆ, ಹೊಟ್ಟೆ ಬೇರೆ ಹಸಿದಿರುತ್ತದೆ. ಜ್ವರ ಬಂತೇನೋ ಅನ್ನಿಸುತ್ತದೆ, ಅಲ್ವಾ? ಹೆಚ್ಚಿನ ಸಲ ಅದು ಜ್ವರ ಅಲ್ಲ. ದಿನವಿಡೀ ದುಡಿದ ದೇಹ ಒಲೆ ಆರಿಸಿದ ಮೇಲೂ ಕಾದೇ ಇರುವ ಹೆಂಚಿನ ಹಾಗೆ ಇರುತ್ತದೆ. ಅಡ್ರಿನಲಿನ್ ಥರದ ಹಾರ್ಮೋನುಗಳ ಬಿಸಿ ಬೇಗ ಇಳಿಯುವುದಿಲ್ಲ. ನಿದ್ದೆಗೆ ಜಾರಬೇಕಾದರೆ ಮೈಯೊಳಗಿನ ಶಾಖ ಸ್ವಲ್ಪ ತಗ್ಗಬೇಕು, ಅದೂ ತಡವಾಗುತ್ತದೆ. ಬೆವರಿನಲ್ಲಿ ಹೋದ ನೀರು ತುಂಬಿಲ್ಲ ಅಂದರೆ ರಕ್ತದ ಪ್ರಮಾಣ ಕಡಿಮೆಯಾಗಿ, ಹೃದಯ ಮಲಗಿದಾಗಲೂ ಜಾಸ್ತಿ ಸಲ ಬಡಿಯಬೇಕಾಗುತ್ತದೆ.

ಹಸಿವಿಗೂ ಕಾರಣ ಇದೆ. ನಾವು ತಿಂದ ಪಿಷ್ಟ ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ ಶೇಖರವಾಗಿರುತ್ತದೆ. ರಾತ್ರಿ ನಾವು ಮಲಗಿದ್ದಾಗ ಮಿದುಳಿಗೆ ಸಕ್ಕರೆ ಒದಗಿಸುವುದು ಲಿವರ್. ದೊಡ್ಡ ರೈಡ್ ಆದ ದಿನ ಆ ಗೂಡು ಸಂಜೆಗೇ ಬರಿದಾಗಿರುತ್ತದೆ. ಜೊತೆಗೆ, ತುಂಬಾ ದಣಿದಾಗ ಊಟ ಸೇರುವುದಿಲ್ಲ. ನಾಲ್ಕು ತುತ್ತು ತಿಂದು ಮಲಗಿದರೆ ನಡುರಾತ್ರಿ ಹೊಟ್ಟೆ ಎಬ್ಬಿಸುತ್ತದೆ. ಹಾಗಾಗಿ ರಾತ್ರಿಯ ಚೇತರಿಕೆ ಹಾಸಿಗೆಯಲ್ಲಿ ಶುರುವಾಗುವುದಲ್ಲ, ಸೈಕಲ್ ಗೋಡೆಗೆ ಒರಗಿಸಿದ ಕೂಡಲೇ ಶುರುವಾಗಬೇಕು. ಮೊದಲ ಕೆಲವು ಗಂಟೆ ಸ್ನಾಯುಗಳು ಸಕ್ಕರೆಯನ್ನು ಬೇಗ ಹೀರಿಕೊಳ್ಳುತ್ತವೆ. ಮರುದಿನವೂ ತುಳಿಯಬೇಕಾದವರು ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹದ ತೂಕದ ಕಿಲೋಗೆ ಸುಮಾರು 1 ಗ್ರಾಂ ಪಿಷ್ಟ ತಿನ್ನಬೇಕು ಅಂತ ಕ್ರೀಡಾ ಪೋಷಣೆಯವರು ಹೇಳುತ್ತಾರೆ. ಸ್ನಾಯು ರಿಪೇರಿಗೆ ಒಂದು ಹೊತ್ತಿಗೆ 20–40 ಗ್ರಾಂ ಪ್ರೋಟೀನ್ ಸಾಕು. ಹಾಗೆಲ್ಲ ಸರಿಯಾಗಿ ತಿಂದರೂ ಖಾಲಿಯಾದ ಗ್ಲೈಕೋಜೆನ್ ಪೂರ್ತಿ ತುಂಬಲು ಹೆಚ್ಚುಕಡಿಮೆ 24 ಗಂಟೆ ಹಿಡಿಯುತ್ತದೆ. ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸ ಅಲ್ಲ ಅದು.

ನೀರಿನ ವಿಷಯವೂ ಅಷ್ಟೇ. ರೈಡ್‌ಗೆ ಮೊದಲು ಮತ್ತು ಆಮೇಲೆ ತೂಕ ನೋಡಿಕೊಳ್ಳಿ. ಇಳಿದ ಒಂದೊಂದು ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು ಬೇಕು, ಉಪ್ಪಿನಂಶದ ಜೊತೆ, ಸಂಜೆಯಿಡೀ ಸ್ವಲ್ಪ ಸ್ವಲ್ಪವಾಗಿ. ಮಲಗುವ ಹೊತ್ತಿಗೆ ಗಟಗಟ ಕುಡಿದರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಡುವುದೇ ಆಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಬರುತ್ತದೆ, ಬೆಳವಣಿಗೆಯ ಹಾರ್ಮೋನು ಜಾಸ್ತಿ ಸುರಿಯುವುದೂ ಆಗಲೇ. ರೈಡ್ ಮುಗಿದ ಖುಷಿಗೆ ಮದ್ಯ ಕುಡಿದರೆ ನಿದ್ದೆಯೂ ಕೆಡುತ್ತದೆ, ಸ್ನಾಯು ರಿಪೇರಿಯೂ ಕುಂಟುತ್ತದೆ. ಇನ್ನು ಕಾಲುನೋವಿಗೆ ಐಬುಪ್ರೊಫೇನ್ ಮಾತ್ರೆ ನುಂಗಿ ಮಲಗುವ ಅಭ್ಯಾಸ, ಇದನ್ನು ದಯವಿಟ್ಟು ಬಿಡಿ. ಮೈಯಲ್ಲಿ ನೀರು ಕಮ್ಮಿ ಇರುವಾಗ ಅದು ಕಿಡ್ನಿಗೆ ಪೆಟ್ಟು.

ನನಗೆ ನಿಜವಾಗಿ ಚಿಂತೆಯಾಗುವುದು ಮರುದಿನ ಬೆಳಗ್ಗೆಯ ಬಗ್ಗೆ. ‘ಲ್ಯಾಕ್ಟಿಕ್ ಆಸಿಡ್ ಕೂತುಬಿಟ್ಟಿದೆ, ಅದಕ್ಕೇ ನೋವು’ ಅಂತ ಇವತ್ತಿಗೂ ಹೇಳುತ್ತಾರೆ. ಅದು ರೈಡ್ ಮುಗಿದು ಒಂದೆರಡು ಗಂಟೆಯೊಳಗೇ ರಕ್ತದಿಂದ ಹೋಗಿರುತ್ತದೆ. ನೋವು ಬರುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನಿಂದ, ಅದು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ. ಇಳಿಜಾರಿನಲ್ಲಿ ಓಡುವವರ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಅದಕ್ಕೇ ಅವರಿಗೆ ಅಷ್ಟು ನೋವು. ಪೆಡಲ್ ತುಳಿಯುವಾಗ ಹಾಗಿಲ್ಲ, ಆದ್ದರಿಂದ ಸವಾರರಿಗೆ ನೋವು ಕಡಿಮೆ. ಮೋಸ ಹೋಗುವುದು ಇಲ್ಲೇ! ಬೆಳಗ್ಗೆ ಕಾಲು ನೋಯಲಿಲ್ಲ ಅಂದರೆ ಸರಿಹೋಯಿತು ಅಂದುಕೊಂಡು ಮತ್ತೆ ಹೊರಟುಬಿಡುತ್ತಾರೆ. ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ನೋಡಿ. ಮಾಮೂಲಿಗಿಂತ ಏಳೆಂಟು ಬಡಿತ ಜಾಸ್ತಿ ಇದ್ದರೆ, ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನ್ನಿಸಿದರೆ, ಸುಮ್ನೆ ಸಿಡುಕು ಬರುತ್ತಿದ್ದರೆ ದೇಹ ಇನ್ನೂ ಕೆಲಸದಲ್ಲಿದೆ ಅಂತ ಅರ್ಥ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅದು ಸ್ನಾಯು ಕರಗುತ್ತಿರುವ ಸೂಚನೆ ಇರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ಟೂರ್ ಡಿ ಫ್ರಾನ್ಸ್‌ನವರು 23 ದಿನದಲ್ಲಿ 21 ಹಂತ ತುಳಿಯುತ್ತಾರಲ್ಲ ಅಂತ ಕೇಳುವವರಿದ್ದಾರೆ. ತುಳಿಯುತ್ತಾರೆ. ಹಂತ ಮುಗಿದ ಮೇಲೆ ಊಟ, ಮಸಾಜ್, ನಿದ್ದೆ ಅವರಿಗೆ ಕೆಲಸದ್ದೇ ಭಾಗ, ಅದನ್ನು ನೋಡಿಕೊಳ್ಳಲು ಜನ ಇರುತ್ತಾರೆ. ನಮ್ಮಂಥವರಿಗೆ ಮನೆಗೆಲಸ, ಮರುದಿನದ ಆಫೀಸು ಎಲ್ಲ ಕಾದಿರುತ್ತದೆ.

ರೈಡ್ ಆಯೋಜಿಸುವವರಲ್ಲಿ ನನ್ನದೊಂದು ಕೋರಿಕೆ. ಬ್ರೆವೆ ಅಂದರೆ ಗೊತ್ತುಮಾಡಿದ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ; 600 ಕಿ.ಮೀ. ಬ್ರೆವೆಗೆ 40 ಗಂಟೆ ಗಡುವು. ಎಷ್ಟೋ ಜನ ಎರಡೋ ಮೂರೋ ಗಂಟೆ ಕಣ್ಣು ಮುಚ್ಚಿ ಅದನ್ನು ಮುಗಿಸಿ, ಮೆಡಲಿಗೆ ಹೆಸರು ಬರೆಸಿ, ನೇರ ಕಾರು ಹತ್ತಿ ಸ್ಟೀರಿಂಗ್ ಹಿಡಿಯುತ್ತಾರೆ. ನಿದ್ದೆಗೆಟ್ಟ ಆ ಹೊತ್ತಿನಲ್ಲಿ ಗಾಡಿ ಓಡಿಸುವುದು ಅವರಿಗೂ ರಸ್ತೆಯಲ್ಲಿರುವ ಬೇರೆಯವರಿಗೂ ಅಪಾಯ. ಮುಗಿಸುವ ಜಾಗದಲ್ಲಿ ನಾಲ್ಕು ಚಾಪೆ ಹಾಸಿದ ಒಂದು ಕೋಣೆ, ತಿನ್ನಲು ಏನಾದರೂ, ಉಪ್ಪು ಬೆರೆಸಿದ ನೀರು ಇಷ್ಟನ್ನು ಖಂಡಿತ ಇಡಬಹುದು. ಮಲಗಿ ಎದ್ದವರೇ ಕಾರಿನ ಕೀ ತೆಗೆದುಕೊಳ್ಳಲಿ.

— ಒಬ್ಬ ಸೈಕಲ್ ಸವಾರ