ಹ್ವಾರೆಸ್‌ಗೆ ಹೊರಟಿರುವ ನಿನ್ನ ತಮ್ಮನ ವಿಷಯವಾಗಿ

ಪ್ರೀತಿಯ ಮಂಜುನಾಥ,

ಕ್ಷೇಮ. ನಿನ್ನ ತಮ್ಮನನ್ನು ಕಂಪನಿಯವರು ಮೆಕ್ಸಿಕೊದ ಸಿಯುದಾದ್ ಹ್ವಾರೆಸ್‌ಗೆ ಕಳುಹಿಸುತ್ತಿದ್ದಾರೆಂದೂ, ಆ ಊರಿನ ಸುದ್ದಿಗಳನ್ನು ಕೇಳಿ ಅಮ್ಮ ಊಟ ನಿದ್ದೆ ಬಿಟ್ಟಿದ್ದಾರೆಂದೂ ಬರೆದಿದ್ದೀಯ. ನಾನು ಎಲ್ ಪಾಸೊದಲ್ಲಿ ಮನೆ ಮಾಡಿಕೊಂಡು, ಸೇತುವೆ ದಾಟಿ ಅಲ್ಲಿನ ಕಾರ್ಖಾನೆಯೊಂದಕ್ಕೆ ಹೋಗಿಬರುವವನು. ಅಮ್ಮನಿಗೆ ಧೈರ್ಯ ಹೇಳುವುದರ ಜೊತೆಗೆ, ಇಲ್ಲಿಗೆ ಬರುವ ಮೊದಲೇ ನಿನ್ನ ತಮ್ಮನಿಗೆ ತಿಳಿದಿರಬೇಕಾದ ಒಂದು ಸಂಗತಿಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ರಿಯೊ ಗ್ರಾಂಡೆ ನದಿಯ ಒಂದು ದಡದಲ್ಲಿ ಅಮೆರಿಕದ ಎಲ್ ಪಾಸೊ, ಇನ್ನೊಂದು ದಡದಲ್ಲಿ ಹದಿನೈದು ಲಕ್ಷ ಜನರ ಹ್ವಾರೆಸ್. 1965ರಲ್ಲಿ ಮೆಕ್ಸಿಕೊ ಸರ್ಕಾರ ಗಡಿಯ ಊರುಗಳಿಗಾಗಿ ಕೈಗಾರಿಕಾ ಯೋಜನೆಯನ್ನು ಆರಂಭಿಸಿದ ಮೇಲೆ ಇಲ್ಲಿ ಮಕಿಲಾದೊರಾ ಎಂದು ಕರೆಯುವ ಕಾರ್ಖಾನೆಗಳು ಬಂದವು; ಅಮೆರಿಕ, ಕೆನಡಾ ಜೊತೆಗಿನ 1994ರ ಮುಕ್ತ ವ್ಯಾಪಾರ ಒಪ್ಪಂದದ ನಂತರ ಅವು ಇನ್ನಷ್ಟು ಹೆಚ್ಚಿದವು. ಸುಂಕವಿಲ್ಲದೆ ಬಿಡಿಭಾಗಗಳನ್ನು ತಂದು, ಕಾರಿನ ವೈರಿಂಗ್, ವೈದ್ಯಕೀಯ ಉಪಕರಣ, ಎಲೆಕ್ಟ್ರಾನಿಕ್ ಸಾಮಾನುಗಳನ್ನು ಜೋಡಿಸಿ ಮತ್ತೆ ಅಮೆರಿಕಕ್ಕೆ ಕಳುಹಿಸುವುದು ಅವುಗಳ ಕೆಲಸ. ಈ ಲಾರಿಗಳು ಸಾಗುವ ಗಡಿಯಲ್ಲೇ ಮಾದಕ ವಸ್ತು ಉತ್ತರಕ್ಕೆ ಹೋಗುತ್ತದೆ, ಬಂದೂಕು ಮತ್ತು ನಗದು ದಕ್ಷಿಣಕ್ಕೆ ಬರುತ್ತವೆ. ಮಾದಕ ವಸ್ತು ಕೊಳ್ಳುವವರೂ ಬಂದೂಕು ಮಾರುವವರೂ ಇರುವುದು ನದಿಯ ಅಮೆರಿಕದ ದಡದಲ್ಲಿ, ಸಾಯುವವರು ಮಾತ್ರ ಮೆಕ್ಸಿಕೊದ ದಡದಲ್ಲಿ ಎಂಬುದನ್ನು ನಾನು ಎಷ್ಟು ಸಲ ಯೋಚಿಸಿದರೂ ಮನಸ್ಸು ಒಪ್ಪುವುದಿಲ್ಲ.

ಈ ದಾರಿಯ ಹಿಡಿತಕ್ಕಾಗಿ 2008ರಿಂದ ಮಾದಕ ವಸ್ತು ಸಾಗಿಸುವ ಗ್ಯಾಂಗುಗಳಾದ ಹ್ವಾರೆಸ್ ಕಾರ್ಟೆಲ್‌ಗೂ ಸಿನಲೋವಾ ಕಾರ್ಟೆಲ್‌ಗೂ ನಡೆದ ಕಾದಾಟದಲ್ಲಿ, 2010ನೇ ಇಸವಿಯೊಂದರಲ್ಲೇ ಊರಿನಲ್ಲಿ 3,000ಕ್ಕೂ ಹೆಚ್ಚು ಕೊಲೆಗಳಾದವು. ಆ ವರ್ಷದ ಜನವರಿ ಕೊನೆಯಲ್ಲಿ ವಿಯಾಸ್ ದೆ ಸಾಲ್ವಾರ್ಕಾರ್ ಬಡಾವಣೆಯ ಹುಟ್ಟುಹಬ್ಬದ ಕೂಟವೊಂದಕ್ಕೆ ನುಗ್ಗಿದವರು ಹದಿನೈದು ಮಂದಿಯನ್ನು ಕೊಂದರು; ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಎರಡು ವರ್ಷಗಳಲ್ಲಿ ತನ್ನ ಇಬ್ಬರು ಪತ್ರಕರ್ತರನ್ನು ಕಳೆದುಕೊಂಡ ಎಲ್ ದಿಯಾರಿಯೊ ಪತ್ರಿಕೆ, ಸೆಪ್ಟೆಂಬರ್‌ನಲ್ಲಿ ಸಂಪಾದಕೀಯ ಬರೆದು, ನಮ್ಮಿಂದ ನಿಮಗೇನು ಬೇಕು ಎಂದು ಕಾರ್ಟೆಲ್‌ಗಳನ್ನೇ ನೇರವಾಗಿ ಕೇಳಿತು. ಅಮ್ಮ ಓದಿದ ಸುದ್ದಿಗಳಲ್ಲಿ ಬಹುಪಾಲು ಆ ಕಾಲದವು. ಆಮೇಲೆ ಕೊಲೆಗಳು ಇಳಿದವು, ನಿಲ್ಲಲಿಲ್ಲ. 2022ರ ಆಗಸ್ಟ್‌ನಲ್ಲಿ ಜೈಲಿನೊಳಗೆ ಎರಡು ಗುಂಪುಗಳ ನಡುವೆ ಹತ್ತಿಕೊಂಡ ಜಗಳ ಬೀದಿಗೆ ಹರಡಿ, ಅಂಗಡಿಗಳಿಗೆ ಬೆಂಕಿ ಬಿದ್ದು, ರೇಡಿಯೊ ಕೇಂದ್ರವೊಂದರ ನಾಲ್ವರೂ ಸೇರಿದಂತೆ ಯಾವ ಸಂಬಂಧವೂ ಇಲ್ಲದ ಜನ ಸತ್ತರು.

ದಿನನಿತ್ಯದಲ್ಲಿ ಕಾಣುವುದು ಗುಂಡಿನ ಕಾಳಗಕ್ಕಿಂತ ಹಫ್ತಾ ವಸೂಲಿ. ಚೆನ್ನಾಗಿ ನಡೆಯುತ್ತಿದ್ದ ಹೋಟೆಲೊಂದು ಒಂದು ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಏಕೆಂದು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ನಿನ್ನ ತಮ್ಮನಂತಹ ಎಂಜಿನಿಯರ್ ಬೆಳಕಿರುವಾಗ ಕಂಪನಿಯ ವಾಹನದಲ್ಲಿ ಹೋಗಿ, ಕಾವಲಿರುವ ಆವರಣದಲ್ಲಿ ಕೆಲಸ ಮಾಡಿ, ಹಿಂತಿರುಗುವಾಗ ಸೇತುವೆಯ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವ ಬೇಸರವನ್ನು ಬಿಟ್ಟರೆ, ಹೆಚ್ಚಿನ ತೊಂದರೆಯಿಲ್ಲದೆ ದಿನ ಕಳೆಯಬಲ್ಲ. ಇದನ್ನು ಅಮ್ಮನಿಗೆ ಧೈರ್ಯವಾಗಿ ಹೇಳು.

ಅವನ ಕೈಕೆಳಗೆ ಜೋಡಣೆಯ ಲೈನಿನಲ್ಲಿ ನಿಲ್ಲುವ ಕಾರ್ಮಿಕರ ಪರಿಸ್ಥಿತಿ ಹೀಗಿಲ್ಲ, ನಾನು ಹೇಳಬೇಕೆಂದಿರುವುದು ಅದನ್ನೇ. ಅಮೆರಿಕದ ಹಳೆಯ ಶಾಲಾ ಬಸ್ಸುಗಳಿಗೆ ಬಣ್ಣ ಬಳಿದು ಕಾರ್ಮಿಕರನ್ನು ಕರೆತರಲು ಬಳಸುತ್ತಾರೆ. ಬೆಳಗಿನ ಪಾಳಿಗೆ ಬರುವ ಹೆಣ್ಣುಮಕ್ಕಳು, ಪಶ್ಚಿಮದ ಗುಡ್ಡದ ಕಡೆಯ ಅನಾಪ್ರಾದಂತಹ ಬಡಾವಣೆಗಳಿಂದ ನಸುಕಿಗೂ ಮುಂಚೆ ಕತ್ತಲಲ್ಲಿ ನಡೆದು ಬಂದು ಆ ಬಸ್ಸು ಹಿಡಿಯಬೇಕು. ಎರಡನೆಯ ಪಾಳಿಯವರು ನಡುರಾತ್ರಿಯ ಹೊತ್ತಿಗೆ ಇಳಿದು ಅದೇ ದಾರಿಯಲ್ಲಿ ಹಿಂತಿರುಗಬೇಕು. ಗಡಿ ವಲಯದ ಕನಿಷ್ಠ ದಿನಗೂಲಿ 2024ರಲ್ಲಿ ಸುಮಾರು 375 ಪೆಸೊ, ಅಂದರೆ ಹೆಚ್ಚುಕಡಿಮೆ 20 ಡಾಲರ್. ಇಷ್ಟರಲ್ಲಿ ಸಂಸಾರ ನಡೆಸುವವರು ಓವರ್‌ಟೈಮ್ ಬೇಡವೆನ್ನಲಾರರು.

1993ರಿಂದ ಈ ಊರಿನಲ್ಲಿ ಕಾಣೆಯಾಗಿ ಹೆಣವಾಗಿ ಸಿಕ್ಕ ಹೆಂಗಸರಲ್ಲಿ ಅನೇಕರು ಇಂತಹ ಕಾರ್ಮಿಕರೇ. 2001ರ ಅಕ್ಟೋಬರ್‌ನಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಪಾಳಿಗೆ ಎರಡು ನಿಮಿಷ ತಡವಾಗಿ ಬಂದಳೆಂದು ಕಾರ್ಖಾನೆ ಅವಳನ್ನು ಒಳಗೆ ಬಿಡಲಿಲ್ಲ. ಮರಳಿ ಮನೆ ಸೇರದ ಆಕೆಯ ದೇಹ, ಮುಂದಿನ ತಿಂಗಳು ಹತ್ತಿಯ ಹೊಲವೊಂದರಲ್ಲಿ ಸಿಕ್ಕ ಎಂಟು ಹೆಂಗಸರ ದೇಹಗಳಲ್ಲೊಂದಾಗಿತ್ತು. ಆಕೆಯೂ ಸೇರಿದಂತೆ ಮೂವರ ಪ್ರಕರಣದಲ್ಲಿ ಅಮೆರಿಕ ಖಂಡಗಳ ದೇಶಗಳಿಗಾಗಿ ಇರುವ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಮೆಕ್ಸಿಕೊ ಸರ್ಕಾರವನ್ನೇ ಹೊಣೆಯಾಗಿಸಿ ತೀರ್ಪು ನೀಡಿತು.

ಮಂಜು, ನಮ್ಮಂತಹವರು ಉತ್ಪಾದನೆಯ ಲೆಕ್ಕ ನೋಡಿ ಸಂಜೆ ಹೊತ್ತಿಗೆ ಒಂದು ಗಂಟೆ ಹೆಚ್ಚು ಓಡಲಿ ಎಂದು ಬರೆದುಬಿಡುತ್ತೇವೆ. ಆ ಒಂದು ಗಂಟೆ ಬಸ್ಸು ಕಾಯುತ್ತದೆಯೇ, ಅವರ ಮನೆ ಬಾಗಿಲ ಬಳಿಯವರೆಗೆ ಹೋಗುತ್ತದೆಯೇ, ಲಾಕರಿನಲ್ಲಿಟ್ಟ ಫೋನಿನಲ್ಲಿ ಮನೆಗೆ ತಿಳಿಸಲು ಬಿಡುವು ಸಿಗುತ್ತದೆಯೇ ಎಂದು ಕೇಳುವುದು ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ. ನಮ್ಮ ಲೈನಿನ ಹೆಂಗಸರು ಬಸ್ಸಿಳಿದ ಮೇಲೆ ಮನೆ ಸೇರಿದೆನೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಬರೆಯುತ್ತಾರೆ. ಕೊನೆಯವಳು ಬರೆಯುವವರೆಗೆ ಉಳಿದವರು ಮಲಗುವುದಿಲ್ಲ. ಇದನ್ನು ಅವರಿಗೆ ಯಾವ ಸುರಕ್ಷತಾ ತರಬೇತಿಯೂ ಕಲಿಸಿದ್ದಲ್ಲ. ನಾನು ಈಗ ಪಾಳಿಯ ವೇಳೆ ಬದಲಿಸುವ ಯಾವ ಕಾಗದಕ್ಕೂ ಬಸ್ಸಿನ ವೇಳಾಪಟ್ಟಿ ನೋಡದೆ ಸಹಿ ಹಾಕುವುದಿಲ್ಲ. ನಿನ್ನ ತಮ್ಮನೂ ಮೊದಲ ವಾರದಲ್ಲೇ ಬಸ್ಸಿನ ಮೇಲ್ವಿಚಾರಕರನ್ನು ಕಂಡು ದಾರಿಗಳನ್ನು ತಿಳಿದುಕೊಳ್ಳಲಿ.

ಅದಕ್ಕೆ ಸ್ಪ್ಯಾನಿಷ್ ಬೇಕು, ಇಂಗ್ಲಿಷ್ ಕಚೇರಿಯ ಕೋಣೆ ದಾಟುವುದಿಲ್ಲ. ಕಲಿಯಲು ಈಗಲೇ ತೊಡಗಲಿ. ಹೊರಡುವ ದಿನ ಗೊತ್ತಾದೊಡನೆ ತಿಳಿಸು, ವಿಮಾನ ನಿಲ್ದಾಣಕ್ಕೆ ನಾನೇ ಹೋಗುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ.

ಇಂತಿ ನಿನ್ನ ಗೆಳೆಯ,
ಶ್ರೀಧರ